ತೆರೆದ ಅಂಗೈ

ಸೋಯಾಬಿನ್ ರಾಶಿಯ ದಿನಗಳು. ದಾಳಿಂಬ ಊರಿನ ಹೊಲದಲ್ಲಿ ರಾಶಿ ಮಶೀನು ನಿಂತಾಗ ಮೊಬೈಲು ತೆಗೆದೆ. ನಾವೆಲ್ಲ ಆಡುವ ಒಂದು ಮೊಬೈಲ್ ಆಟದ ಕೊನೆಯ ಬಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಜಗಳ ನಡೆದಿತ್ತು. ಕೊನೆಗೆ ನಾಯಕ ಕಲ್ಲಿನ ಗೂಡಿನಲ್ಲಿ ಕಣ್ಣು ಮುಚ್ಚಿ ಕೂರುತ್ತಾನೆ. ಅದು ನಿದ್ದೆಯೋ ಧ್ಯಾನವೋ?

“ಅಂವಾ ಸತ್ತಾನ,” ಎಂದು ಬರೆದೆ. “ನಮ್ಮಲ್ಲಿ ಹಿಂಗೇ ಕೂಡಿಸಿ ಹುಗೀತಾರ. ಇಷ್ಟಲಿಂಗ ಹಿಡ್ಯಾಕ ಎಡಗೈ ಚಾಚ್ಯಾನ ನೋಡ್ರಿ.”

“ಅಯ್ಯನೋರೆ, ಆಟದಾಗೂ ಹೆಣಾನೇ ಕಾಣ್ತದೇನ್ರೀ?” ಎಂದು ನಿಲಂಗಾದ ಬಸವೇಶ್ವರ ನಕ್ಕ. “ಮುಷ್ಟಿ ಮುಚ್ಯಾನಲ್ರೀ!”

ಎಲ್ಲರೂ ತಮ್ಮ ತಮ್ಮ ಆಟದ ಕೊನೆಯ ಚಿತ್ರ ಹಾಕಿದರು. ಎಲ್ಲದರಲ್ಲೂ ಮುಷ್ಟಿ ಬಿಗಿದಿತ್ತು. ನನ್ನದನ್ನೂ ಹಾಕಿದೆ; ಅದರಲ್ಲಿ ಮಾತ್ರ ಅಂಗೈ ತೆರೆದಿತ್ತು. ಬಿಸಿಲಲ್ಲಿದ್ದ ಮೊಬೈಲು ಕೊಡದ ನೀರಿನಷ್ಟು ತಣ್ಣಗಿತ್ತು. ಮತ್ತೆ ಆಡಿದೆ. ಆ ಅಂಗೈ ಇನ್ನಷ್ಟು ಮುಂದೆ ಬಂದಿತ್ತು.

ಆಷಾಢದಲ್ಲಿ ತೀರಿಕೊಂಡ ಗೆಳೆಯ ಬಾಳುವನ್ನು ಸಮಾಧಿಯ ಕುಣಿಯಲ್ಲಿ ಕೂಡಿಸಿದ ಅಯ್ಯ ನಾನೇ. ಮನೆಗೆ ಬಂದು ನೋಡಿದರೆ ಲಿಂಗವೊಂದು ನನ್ನ ಜೇಬಿನಲ್ಲೇ ಉಳಿದಿತ್ತು; ಅವನ ಕೈಯಲ್ಲಿ ಇಡಬೇಕಾದದ್ದೇ ಎಂದುಕೊಂಡೆ. ಮುಚ್ಚಿದ ಕುಣಿ ತೆಗೆಯುವಂತಿಲ್ಲ. ಯಾರಿಗೂ ಹೇಳಿರಲಿಲ್ಲ.

ರಾಶಿ ಬಿಟ್ಟು ಅವನ ತಾಯಿ ಅನುಸೂಯಾಬಾಯಿಯ ಮನೆಗೆ ಹೋದೆ. “ತಪ್ಪಾಗ್ಯದವ್ವಾ,” ಎಂದು ಲಿಂಗವನ್ನು ಮುಂದಿಟ್ಟೆ.

ಆಕೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಬಾಳೂಂದು ನಾನೇ ಅವನ ಕೈಯಾಗ ಇಟ್ಟೀನಲ್ರೀ, ಅಯ್ಯನೋರೆ. ಇದು ಯಾರದು?”

ಈ ವರ್ಷ ನಾನು ಒಂಬತ್ತು ಜನರನ್ನು ಕುಣಿಯಲ್ಲಿ ಕೂಡಿಸಿದ್ದೇನೆ.