ಕಂದು ಹಲ್ಲು

ಪಂಕಜಳಿಗೆ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲೊಂದು ಇರಲಿಲ್ಲ. ಬಾವಿಯ ರಾಟೆ ಕಳಚಿ ಬಾಯಿಗೆ ಬಡಿದಿತ್ತು. ಉಳಿದ ಹಲ್ಲುಗಳು ಗಟ್ಟಿಯಾಗಿದ್ದವು. ಆದರೆ ಅದೇ ಬಾವಿಯ ನೀರು ಕುಡಿದು ಕಂದಾಗಿದ್ದವು.

ಅದು ೧೯೬೪. ವರದರಾಜ ಡೆಂಟಲ್ ಓದು ಮುಗಿಸಿ ಚಿಂತಾಮಣಿಯಲ್ಲಿ ಹಲ್ಲಿನ ದವಾಖಾನೆ ತೆರೆದು ಎರಡು ತಿಂಗಳಾಗಿತ್ತು. ಪಂಕಜಳ ತಾಯಿ ರಾಮಲಕ್ಷ್ಮಮ್ಮ ಮಗಳನ್ನು ಕುರ್ಚಿಯಲ್ಲಿ ಕೂರಿಸಿದರು.

"ಗೌರಿಬಿದನೂರಿನ ಸಂಬಂಧ ಡಾಕ್ಟ್ರೇ. ಅವರಿಗೆ ಹುಡುಗಿ ಒಪ್ಪಿಗೆ, ಕಂದು ಹಲ್ಲು ಬ್ಯಾಡವಂತೆ. ಮೇಲಿನವೆಲ್ಲಾ ಕಿತ್ತು ಬೆಳ್ಳಗೆ ಕಟ್ಬಿಡಪ್ಪ."

"ಗಟ್ಟಿ ಹಲ್ಲಮ್ಮ ಇವು."

"ಮುದ್ದೆ ನುಂಗೋಕೆ ಹಲ್ಲು ಯಾಕೆ?" ಎಂದು ಅವರು ಎಲೆಅಡಿಕೆ ಉಗಿಯಲು ಹೊರಗೆ ಹೋದರು.

ಪಂಕಜ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ ಕೇಳಿದಳು. "ಬೇರೆ ಏನು ಮಾಡಬಹುದು?"

"ಕಿತ್ತಿದ್ದು ವಾಪಸು ಬರಲ್ಲ. ಒಸಡು ಸವೆದ ಹಾಗೆಲ್ಲ ಕಟ್ಟಿಸಿದ ಹಲ್ಲಿನ ಸೆಟ್ಟು ಸಡಿಲ ಆಗುತ್ತೆ. ಒಂದೇ ಹಲ್ಲು ಅಲ್ಲಾಡದ ಹಾಗೆ ಕಟ್ಟಬಹುದು. ಅದಕ್ಕೆ ಅಕ್ಕಪಕ್ಕದ ಒಳ್ಳೇ ಹಲ್ಲು ಉಜ್ಜಿ ಸಣ್ಣ ಮಾಡಬೇಕು. ಇಲ್ಲ, ಒಂದು ಹಲ್ಲು ಕೂರಿಸಿದ, ತೆಗೆದು ಹಾಕೋ ಪ್ಲೇಟು. ದಿನಾ ತೊಳೀಬೇಕು."

"ಒಂದೇ ಬೆಳ್ಳಗೆ ಎದ್ದು ಕಾಣಲ್ವಾ?"

"ಕಂದು ಬಣ್ಣ ಬೆರೆಸ್ತೀನಿ."

"ಕಂದು ಹಲ್ಲನ್ನ ಬೇಕೂಂತ ಯಾರಾದ್ರೂ ಮಾಡ್ತಾರಾ?" ಅವಳು ನಕ್ಕಳು. ಸೆರಗು ಜಾರಿತು. ಅವನು ಆ ಸಂದಿಯನ್ನು ಡಾಕ್ಟರಂತೆ ನೋಡಲಿಲ್ಲ. ಅದು ಅವಳಿಗೆ ತಿಳಿಯಿತು. ಸೆರಗನ್ನು ಮತ್ತೆ ಎತ್ತಲಿಲ್ಲ.

"ನೀವಾಗಿದ್ರೆ ಏನು ಮಾಡ್ತಿದ್ರಿ?"

ಅವನು ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸಿದ. "ನನ್ನ ಕೇಳಬೇಡಿ. ಆ ಮದುವೆ ನಿಂತರೆ ಸಾಕು ಅಂತ ಈಗ ತಾನೇ ಅನ್ನಿಸ್ತು. ಬೆಂಗಳೂರಲ್ಲಿ ಇನ್ನೊಬ್ಬರನ್ನ ಕೇಳಿ ಬನ್ನಿ."

ಅವಳು ಕೇಳಿಯೇ ಬಂದಳು.

"ಬೆಂಗಳೂರಿನ ಡಾಕ್ಟ್ರೂ ನಿಮ್ಮ ಮಾತೇ ಹೇಳಿದ್ರು. ಅವರಿಗೆ ಅರವತ್ತು ವರ್ಷ, ನನ್ನ ಮೇಲೆ ಯಾವ ಆಸೆನೂ ಇರ್ಲಿಲ್ಲ. ಪ್ಲೇಟೇ ಮಾಡಿ."

"ಗೌರಿಬಿದನೂರಿನೋರು?" ಎಂದರು ರಾಮಲಕ್ಷ್ಮಮ್ಮ.

"ಹಲ್ಲು ಕೀಳಿಸಲ್ಲಾಂತ ನಾನೇ ಕಾಗದ ಹಾಕಿದೀನಿ ಕಣಮ್ಮ."

ರಾಮಲಕ್ಷ್ಮಮ್ಮ ಮನೆ ಮುಟ್ಟುವವರೆಗೂ ಮಗಳನ್ನು ಬೈದರು. ಗೌರಿಬಿದನೂರಿನಿಂದ ಉತ್ತರ ಬರಲಿಲ್ಲ.

ಬಣ್ಣ ಸರಿಯಿಲ್ಲವೆಂದು ಪಂಕಜ ಒಂದಾದ ಮೇಲೊಂದರಂತೆ ಮೂರು ಹಲ್ಲುಗಳನ್ನು ವಾಪಸು ಮಾಡಿದಳು. ಎರಡನೆಯದೇ ಸರಿಯಾಗಿತ್ತೆಂದು ಇಬ್ಬರಿಗೂ ಗೊತ್ತಿತ್ತು. ನಾಲ್ಕನೆಯದನ್ನು ಹಾಕಿಕೊಂಡು ಕಿಟಕಿಯ ಬೆಳಕಿನಲ್ಲಿ ಕನ್ನಡಿ ನೋಡಿಕೊಂಡಳು. ಯಾವುದು ಬಾವಿ ನೀರಿನದು, ಯಾವುದು ಅವನದು, ಹೇಳಲಾಗಲಿಲ್ಲ.

"ಈಗ ಹೇಳಿ. ನೀವಾಗಿದ್ರೆ?"

"ನಿಮ್ಮ ಮನೆಗೆ ಬಂದು ಹೆಣ್ಣು ಕೇಳ್ತಿದ್ದೆ."

"ಭಾನುವಾರ ಬನ್ನಿ. ಅಮ್ಮ ಬೈತಾಳೆ, ಬೈಸ್ಕೊಳ್ಳಿ." ಅವಳು ತನ್ನದೇ ದವಡೆ ಹಲ್ಲಿನಲ್ಲಿ ಕಡಲೆಕಾಯಿ ಒಡೆದು, ಅರ್ಧ ಅವನಿಗೆ ಕೊಟ್ಟಳು.

ಹೋದದ್ದು ಒಂದು ಹಲ್ಲು, ಒಂದು ಸಂಬಂಧ.