ಕೆಂಪು ಕೂಪೆಯ ಗುಲಾಬಿ ಗೆರೆ

ಲೇತ್ ವರ್ಕ್‌ಶಾಪಿನ ಮೇಸ್ತ್ರಿಗಳು ತೀರಿಕೊಂಡು ಎಪ್ಪತ್ತೊಂದನೆಯ ದಿನ, ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಅವರು ಎರಡನೆಯ ಸಲ ಸತ್ತಂತೆ ಅವರ ಹೆಂಡತಿಗೆ ಅನ್ನಿಸಿತು.

ಮನೆಯ ಹಿಂದಿನ ಶೆಡ್ಡಿನಲ್ಲಿ ಕೆಂಪು ಕೂಪೆಯ ಬಾನೆಟ್ ತೆರೆದಿತ್ತು. ಇಟಲಿಯಲ್ಲಿ ಹುಟ್ಟಿದ, ಎರಡೇ ಬಾಗಿಲಿನ, ನೆಲಕ್ಕೆ ಅಂಟಿ ಕೂತಂತಿರುವ ಓಟದ ಗಾಡಿ ಅದು. ವಯಸ್ಸು ಐವತ್ತೆಂಟು. ವಿಮೆಯನ್ನು ಮೇಸ್ತ್ರಿಗಳ ಹೆಸರಿನಿಂದ ಹೆಂಡತಿಯ ಹೆಸರಿಗೆ ಬದಲಾಯಿಸಲು ಗಾಡಿಗೆ ಹೊಸದಾಗಿ ಬೆಲೆ ಕಟ್ಟಿಸಬೇಕಾಗಿತ್ತು. ಅದಕ್ಕೆಂದು ಬಂದಿದ್ದ ವ್ಯಾಲ್ಯುಯರ್ ಎಂಜಿನ್ನಿನ ಪಕ್ಕೆಯಲ್ಲಿ ಒತ್ತಿದ್ದ ನಂಬರಿನ ಮೇಲೆ ಸೀಮೆಸುಣ್ಣ ಉಜ್ಜಿ, ದೀಪ ಹಿಡಿದು ಓದಿದ. ಕಾರ್ಖಾನೆಯಿಂದ ಬಂದಿದ್ದ ಹಳೆಯ ಕಾಗದ ಬಿಡಿಸಿ ಓದಿದ. ಮತ್ತೆ ನಂಬರು ಓದಿದ.

“ಅಮ್ಮಾ, ಈ ಎಂಜಿನ್ ಈ ಗಾಡಿದಲ್ಲ.”

ಮೇಸ್ತ್ರಿಯಮ್ಮ — ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದುದು ಹಾಗೆಯೇ — ಬಾಗಿಲ ಚೌಕಟ್ಟು ಹಿಡಿದು ನಿಂತರು. ವ್ಯಾಲ್ಯುಯರ್ ಒಳ್ಳೆಯ ಮನುಷ್ಯ. ತಗ್ಗಿದ ದನಿಯಲ್ಲೇ ವಿವರಿಸಿದ. ಇಂಥ ಗಾಡಿಗಳ ಬೆಲೆಯೆಲ್ಲ ನಿಂತಿರುವುದು ಒಂದೇ ಮಾತಿನ ಮೇಲೆ: ಕಾರ್ಖಾನೆಯ ಬಾಗಿಲು ದಾಟುವಾಗ ಯಾವ ಮೈಗೆ ಯಾವ ಎಂಜಿನ್ ಇತ್ತೋ, ಇಂದಿಗೂ ಅದೇ ಇರಬೇಕು. ಎರಡೂ ಕೂಡಿದ್ದರೆ ಬಂಗಾರ. ಬೇರೆಯಾದರೆ ಅರ್ಧಕ್ಕಿಂತ ಕಡಿಮೆ. ಇದು ಅದೇ ಜಾತಿಯ ಎಂಜಿನ್ನೇ, ಆದರೆ ಬೇರೆ ಯಾವುದೋ ಗಾಡಿಯ ಹೊಟ್ಟೆಯಿಂದ ಬಂದದ್ದು.

ಹಳೆಯ ಕಾರುಗಳ ಸಂಘದ ಅಧ್ಯಕ್ಷರು ಅವನ ಜೊತೆಗೇ ಬಂದಿದ್ದರು. ಮೇಸ್ತ್ರಿಗಳ ಮೂವತ್ತು ವರ್ಷದ ಗೆಳೆಯ. ನಿಟ್ಟುಸಿರು ಬಿಟ್ಟು ಗೋಡೆಯ ಕಡೆ ತಿರುಗಿದರು. ಅಲ್ಲಿ ಮೇಸ್ತ್ರಿಗಳ ಫೋಟೋ ಎಡಕ್ಕೆ ಸ್ವಲ್ಪ ವಾಲಿಕೊಂಡಿತ್ತು. ಬದುಕಿದ್ದಾಗ ಎಂಜಿನ್ನಿನ ಸದ್ದು ಕೇಳಲು ಅವರು ತಲೆ ವಾಲಿಸುತ್ತಿದ್ದುದೂ ಹಾಗೆಯೇ ಎಂದು ಮೇಸ್ತ್ರಿಯಮ್ಮ ಅದನ್ನು ಹಾಗೇ ಬಿಟ್ಟಿದ್ದರು. ಅಧ್ಯಕ್ಷರು ಒಂದು ಬೆರಳಿನಿಂದ ಅದನ್ನು ನೆಟ್ಟಗೆ ಮಾಡಿದರು.

“ಅತ್ತಿಗೆ, ಅಣ್ಣನ ಮೇಲೆ ನನಗೆಷ್ಟು ಗೌರವ ಅಂತ ನಿಮಗೆ ಗೊತ್ತು. ಆದ್ರೆ ನಂಬರು ಯಾರ ಮುಖಾನೂ ನೋಡಲ್ಲ.”

ಆಮೇಲೆ ಅವರು ಹೇಳಿದ್ದು ಇಷ್ಟು. ಮೇಸ್ತ್ರಿಗಳ ಮಾತು ನಂಬಿ, ನಂಬರು ನೋಡದೆಯೇ, ಅಸಲಿ ಗಾಡಿ ಎಂದು ಸಂಘ ಅವರಿಗೆ ಮೊದಲ ಬಹುಮಾನ ಕೊಟ್ಟಿತ್ತು. ಸಂಘದ ಗೋಡೆಯ ಹಲಗೆಯಲ್ಲಿ ಅವರ ಹೆಸರಿದೆ. ಅದನ್ನು ತೆಗೆಯಬೇಕಾಗುತ್ತದೆ. ಭಾನುವಾರ ಸಭೆ. ಅಲ್ಲಿ ಅತ್ತಿಗೆ ತಪ್ಪು ಒಪ್ಪಿಕೊಂಡು ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕು, ಮಾತು ಹೊರಗೆ ಹೋಗುವುದಿಲ್ಲ. ಗಾಡಿಯನ್ನು ಈಗಿನ ಬೆಲೆಗೆ ತಾವೇ ಕೊಂಡು, ಗೆಳೆಯನ ನೆನಪಿಗೆ ಇಟ್ಟುಕೊಳ್ಳುತ್ತಾರೆ.

ಮೇಸ್ತ್ರಿಯಮ್ಮ ಚೌಕಟ್ಟಿನಿಂದ ಕೈ ತೆಗೆದರು.

“ನಲವತ್ತೈದು ವರ್ಷ ಅವರ ಜೊತೆ ಬಾಳಿದೀನಿ. ಡಬ್ಬದಿಂದ ಒಂದು ಚಮಚ ಸಕ್ಕರೆ ಜಾಸ್ತಿ ತಿಂದ್ರೂ ತಾವೇ ಬಂದು ಹೇಳೋರು. ಎಂಜಿನ್ ಬದಲಾಯಿಸಿ ಬಾಯಿ ಮುಚ್ಕೊಂಡು ಬಹುಮಾನ ತಗೊಳ್ಳೋ ಮನುಷ್ಯ ಅಲ್ಲ. ನಾನು ಸಹಿ ಹಾಕಲ್ಲ.”

*

ಸಂಜೆಗೆ ಮೇಸ್ತ್ರಿಯಮ್ಮ ಹೇಳಿಕಳಿಸಿದ್ದ ಸರ್ವೇಯರಮ್ಮ ಬಂದರು. ವಿಮಾ ಕಂಪನಿಗಾಗಿ ಮೂವತ್ತೊಂದು ವರ್ಷ ನಜ್ಜುಗುಜ್ಜಾದ ಗಾಡಿಗಳ ಅಡಿಯಲ್ಲಿ ಮಲಗಿ, ಯಾರು ನಿಜ, ಯಾರು ಸುಳ್ಳು ಎಂದು ಬರೆದುಕೊಟ್ಟು ನಿವೃತ್ತರಾದ ಹೆಂಗಸು. ಕೈಚೀಲದಲ್ಲಿ ಟಾರ್ಚು, ಭೂತಗನ್ನಡಿ, ಕೋಲಿಗೆ ಕಟ್ಟಿದ ಪುಟ್ಟ ಕನ್ನಡಿ. ಕೆಲಸ ಕಲಿಯುವ ಕಾಲದಲ್ಲಿ ಮೇಸ್ತ್ರಿಗಳನ್ನು ಕೇಳಿ ಕೇಳಿಯೇ ಅರ್ಧ ವಿದ್ಯೆ ಕಲಿತವರು.

“ಪ್ರಶ್ನೆ ಒಂದೇ ಅಕ್ಕ,” ಎಂದರು. “ಈ ಎಂಜಿನ್ ಮೊದಲಿಂದ ಇದ್ದದ್ದೋ, ಅವರು ಹೋದ್ಮೇಲೆ ಬಂದದ್ದೋ? ಮೊದಲಿಂದ ಇತ್ತು ಅಂದ್ರೆ ಮೇಸ್ತ್ರಿಗಳು ಮೋಸ ಮಾಡಿದಾರೆ. ಆಮೇಲೆ ಬಂತು ಅಂದ್ರೆ ಕಳ್ಳ ಬೇರೆ ಇದಾನೆ. ಏನು ಸಿಕ್ಕರೂ ಹೇಳ್ತೀನಿ. ಒಪ್ಪಿಗೆನಾ?”

“ಹುಡುಕಮ್ಮ. ನನಗೆ ಭಯ ಇಲ್ಲ.”

ಆದರೆ ಭಯವಿತ್ತು. ಪ್ರಾರ್ಥನೆಗೆ ಕೂತಾಗಲೂ ಆ ನಂಬರು ಕಣ್ಣ ಮುಂದೆ ಬರುತ್ತಿತ್ತು.

ಮೇಸ್ತ್ರಿಗಳು ಹೋದ ಮೇಲೆ ಗಾಡಿ ಎಲ್ಲೆಲ್ಲಿತ್ತು? ಶೆಡ್ಡಿನಲ್ಲಿ. ನಡುವೆ ಮಾಡಿನ ತಗಡು ಬದಲಾಯಿಸುವಾಗ ಹತ್ತೊಂಬತ್ತು ದಿನ ಅಧ್ಯಕ್ಷರ ಗ್ಯಾರೇಜಿನಲ್ಲಿ. ಶೆಡ್ಡಿನ ಬೀಗದ ಕೈ ಯಾರ ಹತ್ತಿರ? ಮನೆಯಲ್ಲೊಂದು, ಸ್ಪಾನರ್ ಹತ್ತಿರ ಒಂದು. ಸ್ಪಾನರ್ ಎಂಬುದು ಅಡ್ಡಹೆಸರು; ಅವನು ಮೇಸ್ತ್ರಿಗಳ ಕೈಕೆಳಗೆ ಹದಿನೆಂಟು ವರ್ಷ ದುಡಿದು, ಈಗ ಸ್ವಂತ ವರ್ಕ್‌ಶಾಪು ನಡೆಸುವವನು. ವಾರಕ್ಕೊಮ್ಮೆ ಬಂದು ಎಂಜಿನ್ ಚಾಲೂ ಮಾಡಿ, ಬ್ಯಾಟರಿ ನೋಡಿ ಹೋಗುತ್ತಿದ್ದ.

“ಎಂಜಿನ್ ಇಳಿಸಿ ಏರಿಸೋ ಕೈ ಅವನದೊಂದೇ,” ಎಂದಳು ಕಾಫಿ ಹಿಡಿದು ಬಂದ ಮೇಸ್ತ್ರಿಗಳ ಮಗಳು. “ಅಮ್ಮ ಅವನನ್ನ ಮಗನ ಥರ ನೋಡ್ತಾಳೆ, ಅದಕ್ಕೆ ಕಣ್ಣು ಕಾಣಲ್ಲ.”

“ನನ್ನ ಕಣ್ಣು ನಿನ್ನ ಕಣ್ಣಿಗಿಂತ ಚೆನ್ನಾಗಿದೆ,” ಎಂದರು ಮೇಸ್ತ್ರಿಯಮ್ಮ.

ಸರ್ವೇಯರಮ್ಮ ಗೋಣಿ ಹಾಸಿ ಗಾಡಿಯ ಅಡಿಗೆ ನುಸುಳಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು.

“ಅಕ್ಕ, ಎಂಜಿನ್ ಹಿಡಿದಿರೋ ನಾಲ್ಕು ಬೋಲ್ಟಿನ ಮೇಲೂ ಗುಲಾಬಿ ಗೆರೆ ಇದೆಯಲ್ಲ, ಏನಿದು?”

ಮೇಸ್ತ್ರಿಯಮ್ಮನ ಮುಖದಲ್ಲಿ ಆ ದಿನ ಮೊದಲ ಬಾರಿ ನಗು ಸುಳಿಯಿತು. ಅದು ಅವರದೇ ಕೆಲಸ. ಬೋಲ್ಟು ಬಿಗಿದ ಮೇಲೆ ಅದರ ತಲೆಯಿಂದ ಪಕ್ಕದಲ್ಲಿರುವ ಗಾಡಿಯ ಮೈಯ ಕಬ್ಬಿಣದವರೆಗೆ ಒಂದು ಗೆರೆ ಎಳೆಯುವುದು ಮೇಸ್ತ್ರಿಗಳ ಪದ್ಧತಿ. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಹೇಳಿಬಿಡುತ್ತದೆ. ಕೊನೆಕೊನೆಗೆ ಅವರ ಕೈ ನಡುಗುತ್ತಿತ್ತು. ಅವರು ಬಿಗಿಯುವುದು, ಇವರು ಪಕ್ಕದಲ್ಲಿ ಮಲಗಿ ಮಗಳ ಹಳೆಯ ಉಗುರುಬಣ್ಣದಲ್ಲಿ ಗೆರೆ ಎಳೆಯುವುದು. ಒಂದೊಂದು ಗೆರೆಗೂ ಮನಸ್ಸಿನಲ್ಲೇ ಒಮ್ಮೆ ದೇವರ ಹೆಸರು.

“ನಾಲ್ಕೂ ನೆಟ್ಟಗಿವೆ,” ಎಂದು ಸರ್ವೇಯರಮ್ಮ ಪುಸ್ತಕದಲ್ಲಿ ಬರೆದುಕೊಂಡರು. “ಇಳಿಸಿದವರು ಇದೇ ಬೋಲ್ಟುಗಳನ್ನ ಮತ್ತೆ ಹಾಕಿದ್ರೆ, ಗೆರೆ ನೋಡಿ ಕೂಡಿಸೋದು ಕಷ್ಟ ಏನಲ್ಲ. ಇದರಿಂದ ಏನೂ ಗೊತ್ತಾಗಲ್ಲ.”

*

ಮರುದಿನ ಮೇಸ್ತ್ರಿಯಮ್ಮ ಮನೆಯಲ್ಲಿ ಕೂರಲು ಒಪ್ಪಲಿಲ್ಲ. ಸರ್ವೇಯರಮ್ಮನ ಜೊತೆ ತಾವೂ ಹೊರಟರು.

ಸ್ಪಾನರ್ ವರ್ಕ್‌ಶಾಪಿನಲ್ಲಿ ಒಂದು ವ್ಯಾನಿನ ಗೇರ್‌ಬಾಕ್ಸ್ ಬಿಚ್ಚಿ ಕೂತಿದ್ದ. ವಿಷಯ ಕೇಳಿ ಅವನ ಮುಖ ಕಪ್ಪಿಟ್ಟಿತು.

“ನಾನು ಕದ್ದೆ ಅಂತಾನಾ ಅಮ್ಮ? ನೀವೂ ಹಾಗೇ ಅಂದ್ಕೊಂಡ್ರಾ?”

“ಅಂದ್ಕೊಂಡಿದ್ರೆ ಬರ್ತಿರಲಿಲ್ಲ. ಈ ಅಮ್ಮ ಕೇಳಿದ್ದಕ್ಕೆ ಉತ್ತರ ಹೇಳು.”

ಕೊನೆಯ ಸಲ ಎಂಜಿನ್ ಇಳಿಸಿದ್ದು ಯಾವಾಗ? — ಹೋದ ವರ್ಷ. ಯಾರು ಯಾರಿದ್ದರು? — ಮೇಸ್ತ್ರಿಗಳು, ಅಮ್ಮ, ತಾನು. ಬೇರೆ ಯಾರೂ ಇಲ್ಲವೇ? — ಯಾರೂ ಇಲ್ಲ. ವಿಶೇಷವೇನಾದರೂ?

ಸ್ಪಾನರ್ ಎಣ್ಣೆಗೈ ಒರೆಸಿಕೊಂಡು ನಕ್ಕ. “ಜಗಳ ಆಯ್ತಲ್ಲ, ಅದೇ ವಿಶೇಷ. ನಾಲ್ಕು ಬೋಲ್ಟೂ ಬಿಗಿದು, ಅಮ್ಮ ಗೆರೆ ಎಳೆದು ಎದ್ದಾಯ್ತು. ಮೇಸ್ತ್ರಿಗಳಿಗೆ ನಾಲ್ಕನೇದರ ಮೇಲೆ ಅನುಮಾನ. ಮತ್ತೆ ನುಗ್ಗಿ ಇನ್ನೊಂದು ಕಾಲು ಸುತ್ತು ಬಿಗಿದ್ರು. ಗೆರೆ ತುಂಡಾಗಿ ಒಂದು ಆ ಕಡೆ, ಒಂದು ಈ ಕಡೆ. ನನ್ನ ಗೆರೆ ಕೆಡಿಸಿದ್ರಲ್ಲ ಅಂತ ಅಮ್ಮ. ಮೂರು ನಿನ್ನದು, ಒಂದು ನನ್ನದು, ಇರಲಿ ಬಿಡೇ ಅಂತ ಅವರು. ಒರೆಸಿ ಬೇರೆ ಎಳೀತೀನಿ ಅಂದ್ರೂ ಬಿಡಲಿಲ್ಲ. ಸಂಜೆವರೆಗೂ ಅಮ್ಮ ಮಾತಾಡಲಿಲ್ಲ.”

ಆ ಜಗಳವನ್ನೇ ಮರೆತಿದ್ದ ಮೇಸ್ತ್ರಿಯಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಒಂದು ಇಡೀ ಮಧ್ಯಾಹ್ನ ಮಾತಿಲ್ಲದೆ ಕಳೆದದ್ದು, ಈಗ ಅದೇ ದೊಡ್ಡ ಸಾಲವಾಗಿ ಎದೆಯ ಮೇಲೆ ಕೂತಿತು. ಅಳುವಿನಲ್ಲಿ ಅವರಿಗೆ ಸರ್ವೇಯರಮ್ಮ ಪುಸ್ತಕದ ಹಿಂದಿನ ಹಾಳೆ ತಿರುವಿ, ಪೆನ್ನು ಎತ್ತಿದ್ದು ಎತ್ತಿದಂತೆಯೇ ನಿಂತದ್ದು ಕಾಣಲಿಲ್ಲ.

ಅಲ್ಲಿಂದ ಅಧ್ಯಕ್ಷರ ಗ್ಯಾರೇಜು. ಗೋಡೆಯ ಮೇಲೆ ಪಾನಾಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನೇತಾಡುತ್ತಿದ್ದವು. ನಡುವೆ ಅವರದೇ ಬೂದು ಬಣ್ಣದ ಕೂಪೆ. ಮೇಸ್ತ್ರಿಗಳ ಗಾಡಿಯದೇ ಮಾದರಿ. ಅದರ ಒಂದೊಂದು ಸ್ಕ್ರೂವಿನ ಸೀಳೂ ಒಂದೇ ದಿಕ್ಕಿಗೆ ನಿಂತಿತ್ತು. ಅತಿ ಅಚ್ಚುಕಟ್ಟಾದ ಗಾಡಿ ಎಂದು ಆರು ವರ್ಷ ಸತತವಾಗಿ ಬಹುಮಾನ ಪಡೆದದ್ದು. ಈಗ ಅವರೇ ತೀರ್ಪುಗಾರರು. ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಬಟ್ಟೆ ಹೊದಿಸಿದ ಒಂದು ಎಂಜಿನ್.

“ನನ್ನ ಗಾಡಿಯ ಹಳೇದು,” ಎಂದರು ಅಧ್ಯಕ್ಷರು. “ರಿಪೇರಿಗೆ ಕಾದಿದೆ.”

ಆ ಹತ್ತೊಂಬತ್ತು ದಿನ ಕೆಂಪು ಗಾಡಿಗೆ ಏನು ಮಾಡಿದಿರಿ?

“ಏನೂ ಇಲ್ಲ. ಹೊದಿಕೆ ಹಾಕಿ ಇಟ್ಟಿದ್ದೆ. ಬಾನೆಟ್ ಕೂಡ ಎತ್ತಿಲ್ಲ. ಅಣ್ಣನ ಗಾಡಿ, ನಾನು ಮುಟ್ತೀನಾ?”

ಮಾತಾಡುತ್ತಲೇ ಅವರು ಸರ್ವೇಯರಮ್ಮ ಮೇಜಿನ ಮೇಲೆ ಓರೆಯಾಗಿ ಇಟ್ಟಿದ್ದ ಟಾರ್ಚನ್ನು ಅಂಚಿಗೆ ಸರಿಯಾಗಿ ಕೂಡಿಸಿಟ್ಟರು.

ಬೀದಿಗೆ ಬಂದ ಮೇಲೆ ಸರ್ವೇಯರಮ್ಮ ಕೇಳಿದರು: “ಗಾಡಿ ವಾಪಸ್ ಬಂದ ದಿನ ನಿಮಗೇನಾದ್ರೂ ಅನ್ನಿಸ್ತಾ ಅಕ್ಕ?”

“ಸದ್ದು ಬೇರೆ ಅನ್ನಿಸ್ತು. ಮನೆಯೊಳಗಿನ ಎಲ್ಲ ಸದ್ದೂ ಬೇರೆಯಾಗಿರೋ ಹೊತ್ತಲ್ವಾ, ಸುಮ್ಮನಾದೆ.”

“ಭಾನುವಾರ ಸಭೆಗೆ ಹೋಗೋಣ. ಗಾಡಿಲೇ ಹೋಗೋಣ.”

*

ಸಂಘದ ಸಭೆ ಅಧ್ಯಕ್ಷರ ಗ್ಯಾರೇಜಿನ ಅಂಗಳದಲ್ಲಿ. ಇಪ್ಪತ್ತು ಜನ ಕುರ್ಚಿಗಳಲ್ಲಿ ಕೂತಿದ್ದರು. ಗೇಟಿನಲ್ಲಿ ಕೆಂಪು ಕೂಪೆ ಗುಡುಗಿದಾಗ ಎಲ್ಲರೂ ತಿರುಗಿದರು. ಓಡಿಸುತ್ತಿದ್ದವನು ಸ್ಪಾನರ್. ಪಕ್ಕದಲ್ಲಿ ಗಾಜು ಇಳಿಸಿ, ತಲೆ ಎತ್ತಿ ಮೇಸ್ತ್ರಿಯಮ್ಮ ಕೂತಿದ್ದರು. ಅರವತ್ತೆಂಟರ ಹೆಂಗಸು, ಆ ತಗ್ಗು ಆಸನದಿಂದ ಯಾರ ಕೈಯೂ ಹಿಡಿಯದೆ ಎದ್ದು ಬಂದರು.

ಮೇಜಿನ ಮೇಲೆ ಕಾಗದ, ಅದರ ಅಂಚಿಗೆ ಸಮನಾಗಿ ಪೆನ್ನು.

“ಸಹಿ ಹಾಕ್ತೀರಾ ಅತ್ತಿಗೆ?”

“ಮೊದಲು ಈ ಅಮ್ಮನ ಮಾತು ಕೇಳಿ.”

ಸರ್ವೇಯರಮ್ಮ ಎದ್ದು ನಿಂತರು. ಬೋಲ್ಟು, ಗೆರೆ, ಉಗುರುಬಣ್ಣ, ಎಲ್ಲ ಹೇಳಿದರು. ವ್ಯಾಲ್ಯುಯರ್ ಕೈಗೆ ಭೂತಗನ್ನಡಿ ಕೊಟ್ಟು ಗಾಡಿಯ ಅಡಿಗೆ ಕಳಿಸಿದರು.

“ಗೆರೆಗಳು ಹೇಗಿವೆ?”

“ನೆಟ್ಟಗಿವೆ,” ಎಂದ ಅವನು ಒಳಗಿನಿಂದ. ಭೂತಗನ್ನಡಿ ಹಿಡಿದು, “ಬೋಲ್ಟು, ಕಬ್ಬಿಣ ಸೇರೋ ಕಡೆ ಬಣ್ಣ ಸೀಳಿದೆ. ಕೂದಲಿನಷ್ಟು. ಬಿಚ್ಚಿ ಮತ್ತೆ ಕೂಡಿಸಿದಾರೆ.”

“ನಾಲ್ಕನೇದು?”

“ಅದೂ ನೆಟ್ಟಗೇ ಇದೆ.”

“ಅಲ್ಲೇ ಇರೋದು ವಿಷಯ,” ಎಂದರು ಸರ್ವೇಯರಮ್ಮ. “ಮೇಸ್ತ್ರಿಗಳು ಕೊನೇ ಸಲ ಕೈ ತೆಗೆದಾಗ ಅದು ನೆಟ್ಟಗಿರಲಿಲ್ಲ. ಕಾಲು ಸುತ್ತು ಮುರಿದಿತ್ತು. ಇದು ಗೊತ್ತಿದ್ದದ್ದು ಭೂಮಿ ಮೇಲೆ ಮೂರೇ ಜನಕ್ಕೆ. ಒಬ್ಬರು ತೀರಿಹೋದ್ರು. ಒಬ್ಬರು ಅವರ ಹೆಂಡತಿ. ಮೂರನೆಯವನು ಸ್ಪಾನರ್, ಅವನು ಕದ್ದಿದ್ರೆ ನಾಲ್ಕನೇದನ್ನ ಮುರಿದ ಹಾಗೇ ಬಿಟ್ಟಿರ್ತಿದ್ದ. ಬಿಚ್ಚಿದವನು ಆ ಮುರಿದ ಗೆರೆಯನ್ನ ಕಂಡಿದಾನೆ. ಯಾರೋ ಕೈ ನಡುಗಿ ಕೆಡಿಸಿದಾರೆ ಅಂದ್ಕೊಂಡಿದಾನೆ. ಅಚ್ಚುಕಟ್ಟಾಗಿ ಸರಿಮಾಡಿದಾನೆ. ಸೊಟ್ಟಗಿರೋದನ್ನ ಕಂಡ್ರೆ ಸುಮ್ಮನಿರೋಕೆ ಆಗದ ಕೈ ಅದು. ಸತ್ತವರ ಫೋಟೋನ ಸೋಮವಾರ ನೆಟ್ಟಗೆ ಮಾಡಿದ ಕೈ, ಅಕ್ಕನೇ ಹೇಳಿದ್ರು. ಮೊನ್ನೆ ನನ್ನ ಟಾರ್ಚು ನೆಟ್ಟಗೆ ಮಾಡಿದ ಕೈ.”

ಎಲ್ಲರೂ ಅಧ್ಯಕ್ಷರನ್ನು ನೋಡಿದರು. ಅವರ ಕೈ ಆಗಲೂ ಪೆನ್ನಿನ ಮೇಲಿತ್ತು.

“ಬಾನೆಟ್ ಎತ್ತಿಲ್ಲ ಅಂದ್ರಲ್ಲ,” ಸರ್ವೇಯರಮ್ಮ ಮುಂದುವರಿಸಿದರು. “ನಿಮ್ಮ ಹತ್ರ ಇದ್ದ ಹಳೇ ಎಂಜಿನ್ ಇದಕ್ಕೆ ಹಾಕೋದು. ಗಾಡಿ ಅರ್ಧ ಬೆಲೆಗೆ ನಿಮ್ಮದಾದ ಮೇಲೆ, ಅಸಲಿ ಎಂಜಿನ್ ಎಲ್ಲೋ ಸಿಕ್ತು ಅಂತ ಎರಡನ್ನೂ ಕೂಡಿಸೋದು. ಅಷ್ಟೇ ತಾನೇ? ಮೂಲೇಲಿರೋ ಬಟ್ಟೆ ಎತ್ತಿ. ವ್ಯಾಲ್ಯುಯರ್ ಇಲ್ಲೇ ಇದಾರೆ, ಸೀಮೆಸುಣ್ಣನೂ ಇದೆ.”

ಬಟ್ಟೆ ಎತ್ತಿದವನು ಸ್ಪಾನರ್. ನಂಬರು ಓದಿದವನು ವ್ಯಾಲ್ಯುಯರ್. ಕಾರ್ಖಾನೆಯ ಕಾಗದದೊಡನೆ ಒಂದಂಕಿಯೂ ತಪ್ಪಲಿಲ್ಲ.

ಅಧ್ಯಕ್ಷರು ಪೆನ್ನಿನಿಂದ ಕೈ ತೆಗೆದರು. “ಅಂಥ ಗಾಡಿ ಒಬ್ಬ ಲೇತ್ ಮೇಸ್ತ್ರಿ ಶೆಡ್ಡಲ್ಲಿ ಇರಬಾರದಿತ್ತು. ಅದರ ಬೆಲೆ ಗೊತ್ತಿರೋರ ಹತ್ರ ಇರಬೇಕಿತ್ತು.”

ಮೇಸ್ತ್ರಿಯಮ್ಮ ಅವರ ಎದುರಿಗೆ ಹೋಗಿ ನಿಂತರು.

“ಕೋಳಿ ಗೂಡಾಗಿದ್ದ ತಗಡನ್ನ ಹನ್ನೆರಡು ವರ್ಷ ಉಜ್ಜಿ ಗಾಡಿ ಮಾಡಿದ್ರು ನನ್ನ ಗಂಡ. ಬೆಲೆ ಅವರಿಗೆ ಗೊತ್ತಿತ್ತು. ಹಲಗೆ ಮೇಲಿನ ಹೆಸರು ಅಲ್ಲೇ ಇರುತ್ತೆ. ಎಂಜಿನ್ ನನ್ನ ಶೆಡ್ಡಿಗೆ ಬರುತ್ತೆ. ಪೊಲೀಸರ ಹತ್ರ ನೀವೇ ಮಾತಾಡಿಕೊಳ್ಳಿ. ಇನ್ಮೇಲೆ ನನ್ನನ್ನ ಅತ್ತಿಗೆ ಅನ್ನಬೇಡಿ.”

*

ಪೊಲೀಸರ ವಿಚಾರಣೆ ಮುಗಿದು ಎಂಜಿನ್ ಕೈಗೆ ಬಂದ ಮೇಲೆ ಸ್ಪಾನರ್ ಎರಡು ದಿನ ಹಿಡಿದು ಅದನ್ನು ಕೂರಿಸಿದ. ಈ ವಯಸ್ಸಿನಲ್ಲಿ ಬೇಡಮ್ಮ ಎಂದು ಮಗಳು ಗದರಿದರೂ ಕೇಳದೆ ಮೇಸ್ತ್ರಿಯಮ್ಮ ಗೋಣಿಯ ಮೇಲೆ ಮಲಗಿ ಗಾಡಿಯ ಅಡಿಗೆ ಸರಿದರು. ಒಂದು, ಎರಡು, ಮೂರು ಗೆರೆ. ನಾಲ್ಕನೆಯದನ್ನೂ ಎಳೆದು, ಬಣ್ಣ ಒಣಗುವವರೆಗೆ ಕಾದರು.

“ಇನ್ನೊಂದು ಕಾಲು ಸುತ್ತು ಬಿಗಿ.”

“ಗೆರೆ ಕೆಡುತ್ತಲ್ಲ ಅಮ್ಮ.”

“ಕೆಡಲಿ.”

ಗೆರೆ ತುಂಡಾಯಿತು. ಅವರು ಹೊರಗೆ ಬಂದು, ಮೈ ಕೊಡವಿಕೊಂಡು, ಗೋಡೆಯ ಫೋಟೋವನ್ನು ಬೆರಳಿನಿಂದ ಎಡಕ್ಕೆ ಸ್ವಲ್ಪ ವಾಲಿಸಿದರು. ಸ್ಪಾನರ್ ಕೀಲಿ ತಿರುಗಿಸಿದ. ಹಳೆಯ ಸದ್ದು ಶೆಡ್ಡಿನ ತುಂಬ ನಿಂತಿತು. ಮೇಸ್ತ್ರಿಯಮ್ಮ ಕಣ್ಣು ಮುಚ್ಚಿ ಕೈ ಮುಗಿದರು.

ದೇವರೇ, ಆ ಜೀವ ಯಾರಿಗೂ ಮೋಸ ಮಾಡಲಿಲ್ಲ. ಅದು ನಿನಗೆ ಮೊದಲೇ ಗೊತ್ತಿತ್ತು, ಈಗ ಊರಿಗೂ ಗೊತ್ತಾಯಿತು. ಆ ಮಧ್ಯಾಹ್ನ ನಾನು ಆಡದೆ ಉಳಿಸಿಕೊಂಡ ಮಾತುಗಳನ್ನೆಲ್ಲ ನೀನೇ ಅವರಿಗೆ ತಲುಪಿಸು. ನಡುಗುವ ಆ ಕೈಗಳನ್ನು ನಿನ್ನ ಕೈಯಲ್ಲಿ ಹಿಡಿದುಕೋ. ಅವರಿಗೆ ಶಾಂತಿ ಕೊಡು.