ಕನ್ನಡಕದಂಗಡಿಯ ವೋಟು

“ಅಲುಗಾಡಬೇಡಿ! ನಿಮ್ಮ ಕಾಲ ಹತ್ರಾನೇ ಬಿದ್ದಿದೆ!”

ಬಾಗಿಲಲ್ಲಿದ್ದವನು ಬೆಚ್ಚಿ ಒಂಟಿ ಕಾಲಲ್ಲೇ ನಿಂತುಬಿಟ್ಟ. ಕನ್ನಡಕದಂಗಡಿಯ ಒಡತಿ ಮೊಣಕಾಲೂರಿ, ಅವನ ಚಪ್ಪಲಿಯ ಪಕ್ಕದಿಂದ ಸಾಸಿವೆಯಷ್ಟಿದ್ದ ಸ್ಕ್ರೂ ಹೆಕ್ಕಿಕೊಂಡಳು. ತಲೆ ಎತ್ತಿದರೆ, ಬಗ್ಗಿ ನೋಡುತ್ತಿದ್ದ ಅವನ ಮುಖ... ಅಯ್ಯೋ, ಇಷ್ಟು ಹತ್ತಿರ!

ಅವನು ಪಕ್ಕದ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವನ ಅಕ್ಕ ಈ ಸಲ ವಾರ್ಡ್ ಚುನಾವಣೆಗೆ ನಿಂತಿದ್ದಳು. ಅವನ ಕೈಯಲ್ಲಿ ಕರಪತ್ರಗಳ ಕಟ್ಟಿತ್ತು.

“ಮೇಡಂ, ನಿಮ್ಮ ವೋಟು...”

“ನಿಮ್ಮ ಅಕ್ಕನಿಗೇ! ನಮ್ಮಮ್ಮನ್ನ ಆಸ್ಪತ್ರೇಲಿ ನೋಡ್ಕೊಂಡಿದ್ದು ಅವರೇ ಅಲ್ವಾ?”

“ಥ್ಯಾಂಕ್ಸ್!” ಎಂದವನೇ ಹೊರಟುಹೋದ.

ಅಷ್ಟೇನಾ?! ಇನ್ನೂ ಸ್ವಲ್ಪ ಸತಾಯಿಸಬೇಕಿತ್ತು ಎಂದು ಅವಳು ತುಟಿ ಕಚ್ಚಿಕೊಂಡಳು.

ಆಮೇಲೆ ಶುರುವಾಯಿತು ನೋಡಿ ಹೊಟ್ಟೆಯುರಿ! ದಿನಾ ಸಂಜೆ ಅವನು ಎದುರಿನ ಬಸ್ ಸ್ಟಾಪಿಗೆ ಬಂದು, ಬಸ್ಸಿಗೆ ಕಾಯುವವರ ಹತ್ತಿರ ಚರಂಡಿ, ಬೀದಿ ದೀಪ ಅಂತ ಮಾತಾಡುತ್ತಿದ್ದ. ಕೊನೆಗೆ ಅಲ್ಲೇ ಪಕ್ಕದ ಬ್ಯೂಟಿ ಪಾರ್ಲರ್ ಬಾಗಿಲಿಗೆ ಹೋಗಿ ನಿಂತರೆ ಮುಗಿಯಿತು, ಅಲ್ಲಾಡುತ್ತಲೇ ಇರಲಿಲ್ಲ. ಪಾರ್ಲರ್‌ನವಳು ಕೈ ಆಡಿಸಿ ಆಡಿಸಿ ಮಾತಾಡುವುದೇನು, ಇವನು ಹಲ್ಲು ಕಿರಿಯುವುದೇನು!

“ಆ ಗಾಜು ಒರೆಸಿ ಒರೆಸಿ ತೂತು ಮಾಡ್ತೀಯ ಕಣೇ,” ಅಂಗಡಿಗೆ ಸಹಾಯಕ್ಕೆ ಬರುತ್ತಿದ್ದ ಚಿಕ್ಕಮ್ಮ ಕಿಸಕ್ಕನೆ ನಕ್ಕಳು. “ಅವನ್ನೇ ಕೇಳಬಾರದಾ?”

ಕೇಳಿಯೇಬಿಟ್ಟಳು. “ಏನ್ರೀ ಮೇಷ್ಟ್ರೇ, ನಮ್ಮಂಗಡಿ ಕಣ್ಣಿಗೆ ಬೀಳಲ್ವಾ?”

“ನಿಮ್ಮದು ಗಟ್ಟಿ ವೋಟು ಮೇಡಂ. ನಮ್ಮವರ ಹತ್ರ ನಿಂತು ಟೈಮ್ ಹಾಳು ಮಾಡಬೇಡ, ಹಿಂದೆ ಮುಂದೆ ನೋಡೋರ ಹತ್ರ ಹೋಗು ಅಂತಾಳೆ ಅಕ್ಕ.”

ಓಹೋ... ಹಾಗಾ ಸಮಾಚಾರ?

ಮರುದಿನ ಸಂಜೆ ಅವಳು ಸರಸರನೆ ರಸ್ತೆ ದಾಟಿದಳು. ತುಂಬಿದ ಬಸ್ ಸ್ಟಾಪಿನಲ್ಲಿ, ಪಾರ್ಲರ್‌ನವಳ ಎದುರಿಗೇ ಹೇಳಿದಳು.

“ಮೇಷ್ಟ್ರೇ, ನನ್ನ ವೋಟು ಈಗ ಗಟ್ಟಿ ಇಲ್ಲ!”

ಅವನ ಮುಖ ಸಪ್ಪಗಾಯಿತು. “ನರ್ಸಮ್ಮನ ಕಡೆಯವಳೇ ತಿರುಗಿಬಿದ್ಲಲ್ಲ! ಏನೋ ಇರಬೇಕು,” ಎಂದು ಯಾರೋ ಗೊಣಗಿದರು. ಇನ್ನಿಬ್ಬರು ಕೈಯಲ್ಲಿದ್ದ ಕರಪತ್ರವನ್ನು ವಾಪಸ್ ಕೊಟ್ಟೇಬಿಟ್ಟರು.

ಅವಳು ತಿರುಗಿ ಅಂಗಡಿಗೆ ಓಡಿದಳು. ‘ಹೊಟ್ಟೆಕಿಚ್ಚಿಗೆ ಎಂಥ ಕೆಲಸ ಮಾಡಿಬಿಟ್ಟೆ!’

ಅಂಗಡಿ ಮುಚ್ಚುವ ಹೊತ್ತಿಗೆ ಅವನು ಬಂದ. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕುಸಿದು ಕೂತ.

“ನಮ್ಮಕ್ಕ ಏನು ತಪ್ಪು ಮಾಡಿದ್ಳು ಹೇಳಿ.”

“ಅವರದೇನೂ ಇಲ್ಲ...” ಅವಳು ಕೈಯಲ್ಲಿದ್ದ ಬೀಗ ಕೆಳಗಿಟ್ಟಳು. “ಆ ಪಾರ್ಲರ್‌ನವಳ ಹತ್ರ ಅಷ್ಟೊತ್ತು ಏನ್ ಮಾತು ನಿಮಗೆ?”

“ಮಾತಾ? ಬೈಗುಳ ಕಣ್ರೀ! ಚುನಾವಣೇಲಿ ಅಕ್ಕನ ಎದುರು ನಿಂತಿರೋದು ಅವಳ ಸೋದರಮಾವ. ದಿನಾ ಜಾಡಿಸ್ತಾಳೆ. ಆದ್ರೂ ಒಳಗಿರೋ ಗಿರಾಕಿಗಳು ನನ್ನ ಉತ್ತರ ಕೇಳಿಸ್ಕೊಳ್ತಾರಲ್ಲ, ಅದಕ್ಕೇ ನಿಲ್ತೀನಿ.”

“ಮತ್ತೆ ಆ ನಗು?”

“ಬೈಸ್ಕೊಳ್ಳುವಾಗ ನಗ್ತಾ ಇರು ಅಂತ ಅಕ್ಕನೇ ಹೇಳ್ಕೊಟ್ಟಿದ್ದು!”

ಅವಳಿಗೆ ನಗುವೂ ಬಂತು, ಅಳುವೂ ಬಂತು. “ನನ್ನ ಹತ್ರ ಮಾತ್ರ ನಿಲ್ಲಲೇ ಇಲ್ಲ ನೀವು...”

ಅವನು ತಲೆ ತಗ್ಗಿಸಿದ. “ನಿಂತಿದ್ರೆ ಅಕ್ಕನ ವಿಷಯ ಬಿಟ್ಟು ನನ್ನ ವಿಷಯ ಬಾಯಿಗೆ ಬಂದ್ಬಿಡ್ತಿತ್ತು. ವೋಟಿಗೋಸ್ಕರ ನಾಟಕ ಆಡ್ತಾನೆ ಅಂತ ನೀವು ಅಂದ್ಕೊಂಡ್ರೆ? ಚುನಾವಣೆ ಮುಗಿಯಲಿ ಅಂತ ಹಲ್ಲು ಕಚ್ಕೊಂಡಿದ್ದೆ.” ಅವನು ತಲೆ ಎತ್ತಿದ. “ವೋಟು ನಿಮ್ಮಿಷ್ಟ, ಯಾರಿಗಾದ್ರೂ ಹಾಕಿ. ನನಗೆ ಮಾತ್ರ ನೀವಂದ್ರೆ ಇಷ್ಟ.”

ಅವಳ ಕಣ್ಣು ತುಂಬಿ ಬಂತು.

“ನನಗೂ... ತುಂಬಾ ಇಷ್ಟ. ನಾಳೆ ಬಸ್ ಸ್ಟಾಪಲ್ಲಿ ನಾನೇ ಹೇಳ್ತೀನಿ, ಹೊಟ್ಟೆಕಿಚ್ಚಿಗೆ ಹಾಗಂದೆ, ಅಕ್ಕನ ತಪ್ಪೇನೂ ಇಲ್ಲ ಅಂತ.”

“ಅಷ್ಟು ಜನರ ಮುಂದೆನಾ? ನಾಚಿಕೆ ಆಗಲ್ವಾ?”

“ಆಗುತ್ತೆ. ಆದ್ರೂ ಹೇಳ್ತೀನಿ.”

“ಮತ್ತೆ ನಾನೇನ್ ಮಾಡ್ಲಿ?”

“ನನ್ನ ಪಕ್ಕ ನಿಂತ್ಕೊಳ್ಳಿ,” ಕಣ್ಣೊರೆಸಿಕೊಳ್ಳುತ್ತಾ ನಕ್ಕಳು ಅವಳು. “ಆ ಪಾರ್ಲರ್‌ನವಳಿಗೆ ಚೆನ್ನಾಗಿ ಕಾಣೋ ಹಾಗೆ!”